ನೆಲಕ್ಕೆ ಕೇಳಿದ ಒಪ್ಪಿಗೆ ಮುಖಕ್ಕೂ ಬೇಕು

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆ ಭೂಸ್ವಾಧೀನವನ್ನು ಸರ್ಕಾರ 2025ರ ಜುಲೈ 15ರಂದು ಕೈಬಿಟ್ಟಿತು. ಮೂರು ವರ್ಷಕ್ಕೂ ಹೆಚ್ಚು ಕಾಲ ಹೋರಾಡಿದ ರೈತರು ಗೆದ್ದದ್ದು ಒಂದು ತತ್ವವನ್ನು: ಕೊಡುವವರು ಇಷ್ಟಪಟ್ಟು ಕೊಟ್ಟರಷ್ಟೇ ತೆಗೆದುಕೊಳ್ಳಬೇಕು. ಈ ತತ್ವ ಈಗ ಇನ್ನೊಂದು ಕಡೆಯೂ ಜಾರಿಗೆ ಬರಬೇಕಿದೆ.

ಇದೇ ದೇವನಹಳ್ಳಿಯ ಫಾಕ್ಸ್‌ಕಾನ್ ಕಾರ್ಖಾನೆಯಲ್ಲಿ ಐಫೋನ್ ತಯಾರಾಗುತ್ತಿದೆ. ಆ ಫೋನಿನ ಮುಂದಿನ ಕ್ಯಾಮೆರಾ ಮುಖದ ಉಬ್ಬುತಗ್ಗುಗಳನ್ನು ಅಳೆಯಬಲ್ಲದು. ಎಪಿಕ್ ಗೇಮ್ಸ್ ಸಂಸ್ಥೆ 2021ರಲ್ಲಿ ಹೊರತಂದ, ಗೇಮ್ ಪಾತ್ರಗಳನ್ನು ರೂಪಿಸುವ ಮೆಟಾಹ್ಯೂಮನ್ ಎಂಬ ಸಾಧನಕ್ಕೆ 2023ರಿಂದ ಈ ಫೋನೇ ಸಾಕಾಗಿದೆ. ಎದುರಿಗೆ ಕೂತವರು ನೇರ ನೋಡಬೇಕು, ತಲೆಯನ್ನು ಆ ಕಡೆ ಈ ಕಡೆ ತಿರುಗಿಸಬೇಕು, ಒಮ್ಮೆ ಹಲ್ಲು ತೋರಿಸಬೇಕು. ಸ್ವಲ್ಪ ಹೊತ್ತಿನಲ್ಲೇ ಅವರ ಮುಖ ಕಂಪ್ಯೂಟರಿನಲ್ಲಿ ಎದ್ದು ನಿಂತು, ಹುಬ್ಬು ಗಂಟಿಕ್ಕಿ ಮಾತಾಡತೊಡಗುತ್ತದೆ.

ಇದರಿಂದ ಗೇಮ್ ತಯಾರಿಕೆಗೆ ಆದ ಉಪಕಾರವನ್ನು ಅಲ್ಲಗಳೆಯಲಾಗದು. ದೊಡ್ಡ ಸ್ಟುಡಿಯೋಗಳ ಕಲಾವಿದರು ತಿಂಗಳುಗಟ್ಟಲೆ ತಿದ್ದಿ ತೀಡುತ್ತಿದ್ದ ಪಾತ್ರವನ್ನು ಇಂದು ಇಬ್ಬರು ಹುಡುಗರು ಬಾಡಿಗೆ ಕೋಣೆಯಲ್ಲಿ ಕೂತು ಮಾಡಬಲ್ಲರು. ಕನ್ನಡದ ಕಥೆಯೊಂದು ಗೇಮ್ ಆಗುವುದಾದರೆ ಈ ದಾರಿಯಲ್ಲೇ ಆದೀತು. ಹಾಗಾಗಿ ಸಾಧನವನ್ನು ನಿಷೇಧಿಸಿ ಎನ್ನುವವರ ಜೊತೆ ನಾನಿಲ್ಲ. ಆದರೆ ಕೆಲಸ ಸುಲಭವಾದಷ್ಟೂ ಮುಖ ಅಗ್ಗವಾಗುತ್ತದೆ ಎಂಬುದನ್ನು ಮರೆಯಬಾರದು.

ನಾಳೆ ಹಳ್ಳಿಯ ಗೇಮ್ ಮಾಡಹೊರಟವರಿಗೆ ಚಕ್ಕೋತ ಮಾರುವ ಅಜ್ಜಿಯ ಸುಕ್ಕುಗಟ್ಟಿದ ಮುಖ ಬೇಕಾಗುತ್ತದೆ. ಕೈಗೆ ಐನೂರು ರೂಪಾಯಿ ಕೊಟ್ಟು, ಇಂಗ್ಲಿಷ್ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಮುಗಿಯಿತೇ? ಆ ಮುಖ ಮುಂದೆ ಯಾವ ಗೇಮಿನಲ್ಲಿ ಗುಂಡೇಟು ತಿನ್ನುತ್ತದೋ, ಯಾವ ಜಾಹೀರಾತಿನಲ್ಲಿ ಸಾಲದ ಆ್ಯಪ್ ಮಾರುತ್ತದೋ ಅಜ್ಜಿಗೆ ಹೇಳುವವರು ಯಾರು? ನಟ ಅನಿಲ್ ಕಪೂರ್ ತಮ್ಮ ಮುಖ, ದನಿಗಳ ದುರ್ಬಳಕೆಯ ವಿರುದ್ಧ 2023ರಲ್ಲಿ ದೆಹಲಿ ಹೈಕೋರ್ಟಿನಿಂದ ತಡೆಯಾಜ್ಞೆ ತಂದರು. ಅಜ್ಜಿ ಯಾವ ಕೋರ್ಟಿಗೆ ಹೋಗಬೇಕು?

ಹಲವು ಮುಖಗಳನ್ನು ಬೆರೆಸಿ ಹೊಸ ಮುಖ ಮಾಡುತ್ತೇವೆ, ಅದು ಯಾರದೂ ಅಲ್ಲ ಎಂಬ ವಾದವಿದೆ. ಬೆರೆಸುವುದಕ್ಕೂ ಮೊದಲು ನಿಜವಾದ ಮನುಷ್ಯರನ್ನು ಸ್ಕ್ಯಾನ್ ಮಾಡಲೇಬೇಕು. ಮೇಲಾಗಿ, ಒಬ್ಬರದೇ ಮುಖವನ್ನು ಇದ್ದ ಹಾಗೆ ಪಾತ್ರವಾಗಿಸುವ ಸೌಲಭ್ಯ 2022ರಿಂದಲೇ ಇದೆ. ನಿಯಮ ಬಿಗಿಯಾದರೆ ಉದ್ಯಮ ಓಡಿಹೋಗುತ್ತದೆ ಎಂಬುದು ಇನ್ನೊಂದು ವಾದ. ಅಮೆರಿಕದ ಗೇಮ್ ನಟರು 2024ರ ಜುಲೈನಿಂದ ಹೆಚ್ಚುಕಡಿಮೆ ಹನ್ನೊಂದು ತಿಂಗಳು ಮುಷ್ಕರ ಹೂಡಿ, ತಮ್ಮ ಡಿಜಿಟಲ್ ಪ್ರತಿರೂಪ ಬಳಸಲು ಒಪ್ಪಿಗೆ ಕಡ್ಡಾಯ ಎಂಬ ಒಪ್ಪಂದ ಮಾಡಿಸಿಕೊಂಡರು. ಅಲ್ಲಿ ಗೇಮ್ ತಯಾರಿಕೆ ನಿಂತಿಲ್ಲ. ಅಲ್ಲಿನ ನಟರಿಗೆ ಸಂಘವಿದೆ, ನಮ್ಮ ಅಜ್ಜಿಗೆ ಇಲ್ಲ. ಆದ್ದರಿಂದಲೇ ಸರ್ಕಾರ ಅವಳ ಪರ ನಿಲ್ಲಬೇಕು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಒಪ್ಪಿಗೆಯ ಮಾತಾಡುತ್ತದೆ, ಸಂಭಾವನೆಯ ಮಾತಾಡುವುದಿಲ್ಲ. ಆ ಕೊರತೆಯನ್ನು ಕರ್ನಾಟಕ ತುಂಬಬಹುದು. ಅನಿಮೇಷನ್ ಮತ್ತು ಗೇಮಿಂಗ್ ಕ್ಷೇತ್ರಕ್ಕೆ ದೇಶದಲ್ಲೇ ಮೊದಲು, 2012ರಲ್ಲಿ, ನೀತಿ ರೂಪಿಸಿದ ರಾಜ್ಯ ನಮ್ಮದು. ಅದೇ ಕ್ಷೇತ್ರದ 2024–29ರ ಎವಿಜಿಸಿ-ಎಕ್ಸ್‌ಆರ್ ನೀತಿ 30,000 ಉದ್ಯೋಗಗಳ ಗುರಿ ಇಟ್ಟುಕೊಂಡಿದೆ. ಅದರ ಸಹಾಯಧನಕ್ಕೆ ಮೂರು ಷರತ್ತು ಸೇರಿಸಲಿ. ಒಪ್ಪಿಗೆಪತ್ರ ಕನ್ನಡದಲ್ಲಿರಬೇಕು ಮತ್ತು ಅದನ್ನು ಓದಿ ಹೇಳಬೇಕು. ಯಾವ ಗೇಮಿಗೆ, ಎಷ್ಟು ವರ್ಷಕ್ಕೆ ಎಂಬುದು ಅದರಲ್ಲಿ ನಮೂದಾಗಿರಬೇಕು. ಮರುಬಳಕೆಯಾದಾಗಲೆಲ್ಲ ಮತ್ತೆ ಕೇಳಬೇಕು, ಮತ್ತೆ ಹಣ ಕೊಡಬೇಕು. ಇಷ್ಟನ್ನು ಮಾಡಲೊಲ್ಲದ ಸ್ಟುಡಿಯೋಗೆ ಜನರ ತೆರಿಗೆ ಹಣದಿಂದ ಒಂದು ರೂಪಾಯಿಯೂ ಸಲ್ಲಬಾರದು.