ಓದು ಒಂದೇ, ದಾರಿ ಬೇರೆ

2024ರ ಜೂನ್ ಕೊನೆಯಲ್ಲಿ ಮಹಾರಾಷ್ಟ್ರ ಸರ್ಕಾರ ಒಂದೇ ಬಜೆಟ್ಟಿನಲ್ಲಿ ಎರಡು ಯೋಜನೆಗಳನ್ನು ಸಾರಿತು. ‘ಲಾಡಕಿ ಬಹೀಣ್’ನಲ್ಲಿ ಬಡ ಕುಟುಂಬದ ಹೆಣ್ಣುಮಕ್ಕಳಿಗೆ ತಿಂಗಳಿಗೆ 1,500 ರೂಪಾಯಿ. ‘ಯುವಾ ಕಾರ್ಯ ಪ್ರಶಿಕ್ಷಣ’ದಲ್ಲಿ 18ರಿಂದ 35 ವರ್ಷದವರಿಗೆ ಕಚೇರಿ, ಕಾರ್ಖಾನೆಗಳಲ್ಲಿ ತರಬೇತಿ, ಹನ್ನೆರಡನೆಯ ತರಗತಿ ಪಾಸಾದವರಿಗೆ ತಿಂಗಳಿಗೆ 6,000 ರೂಪಾಯಿ, ಐಟಿಐ ಅಥವಾ ಡಿಪ್ಲೊಮಾ ಆದವರಿಗೆ 8,000, ಪದವೀಧರರಿಗೆ 10,000. ಮೊದಲನೆಯದು ಓದಿನ ಮಾತೆತ್ತುವುದಿಲ್ಲ. ಎರಡನೆಯದು ಹೆಣ್ಣೋ ಗಂಡೋ ಎಂದು ನೋಡುವುದಿಲ್ಲ. ಹತ್ತನೆಯ ತರಗತಿಗೇ ಶಾಲೆ ಬಿಟ್ಟ, ಮುಂಬಯಿ ಬಳಿಯ ಕಲ್ಯಾಣದ ಇಪ್ಪತ್ತೆರಡರ ಹುಡುಗಿಗೆ ಹೀಗೆ ಹಣ ಸಿಕ್ಕೀತು, ಕೆಲಸ ಕಲಿಯುವ ಅವಕಾಶ ಸಿಗದು.

ಪದವಿ ಪಡೆದವಳ ಪಾಡೂ ಸಲೀಸಲ್ಲ. ಬೆಳಗಿನ ಲೋಕಲ್ ರೈಲು ಡೊಂಬಿವಲಿಗೆ ಬರುವಷ್ಟರಲ್ಲೇ ತುಂಬಿರುತ್ತದೆ. ಹೆಂಗಸರ ಡಬ್ಬಿಯ ಬಾಗಿಲಲ್ಲಿ ಒಂದು ಕಾಲಿಡಲು ಜಾಗ ಸಿಕ್ಕರೆ ದೊಡ್ಡದು. ಐರೋಲಿಯ ಕಂಪನಿಗೆ ಹೋಗುವವಳು ಥಾಣೆಯಲ್ಲಿ ಇಳಿದು ಇನ್ನೊಂದು ಗಾಡಿ ಹಿಡಿಯಬೇಕು, ಆಮೇಲೆ ಶೇರ್ ರಿಕ್ಷಾ. ಅಣ್ಣನಿಗೂ ಅದೇ ಹಾದಿ, ನಿಜ. ಆದರೆ ಅವನು ಹೊರಡುವ ಮುಂಚೆ ಅಡುಗೆ ಮಾಡುವುದಿಲ್ಲ, ರಾತ್ರಿ ತಡವಾಗಿ ಬಂದರೆ ಯಾರೂ ಕಾರಣ ಕೇಳುವುದಿಲ್ಲ. ಅಂಗಡಿ, ಕಚೇರಿಗಳಿಗೆ ಸಂಬಂಧಿಸಿದ ರಾಜ್ಯದ 2017ರ ಕಾಯ್ದೆ ಹೆಂಗಸರ ಒಪ್ಪಿಗೆ ಪಡೆದು, ರಕ್ಷಣೆಯೊಂದಿಗೆ ಮನೆಬಾಗಿಲಿನವರೆಗೆ ವಾಹನ ಕೊಟ್ಟರೆ ರಾತ್ರಿ ಪಾಳಿ ಆಗಬಹುದು ಎನ್ನುತ್ತದೆ. ಆ ವಾಹನದ ಖರ್ಚಿಗೆ ಹಿಂಜರಿಯುವ ಮಾಲೀಕನ ಕಣ್ಣಿಗೆ ಹುಡುಗನೇ ಅಗ್ಗವಾಗಿ ಕಾಣುತ್ತಾನೆ.

ಹಿಂದೆ ಕರ್ನಾಟಕದ ಕರಾವಳಿಯಿಂದ ಬಂದು ಮುಂಬಯಿಯ ಹೋಟೆಲುಗಳಲ್ಲಿ ದುಡಿದ ಹುಡುಗರು ಕನ್ನಡದ ರಾತ್ರಿ ಶಾಲೆಗಳಲ್ಲಿ ಮೆಟ್ರಿಕ್ ಮುಗಿಸಿ ಒಳ್ಳೆಯ ನೌಕರಿ ಹಿಡಿದದ್ದು ಇಲ್ಲಿನ ಕನ್ನಡಿಗರಿಗೆಲ್ಲ ಗೊತ್ತು. ಅವರ ದುಡಿಮೆಯ ಹೊತ್ತು ನೋಡಿ ತರಗತಿಯ ಹೊತ್ತು ಇಟ್ಟದ್ದರಿಂದಲೇ ಅದು ಸಾಧ್ಯವಾಯಿತು. ಹುಡುಗಿಯರ ಹೊತ್ತುಗೊತ್ತು ನೋಡಿ ಅಷ್ಟೇ ಆಸ್ಥೆಯಿಂದ ಯಾರು ಏನು ಕಟ್ಟಿದರು? ಈ ಪ್ರಶ್ನೆ ನನ್ನನ್ನು ಕಾಡುತ್ತದೆ.

ಕರ್ನಾಟಕದಲ್ಲಿ 2023ರಿಂದ ಹೆಂಗಸರಿಗೆ ‘ಶಕ್ತಿ’ ಯೋಜನೆಯ ಉಚಿತ ಬಸ್ಸಿದೆ; ‘ಯುವನಿಧಿ’ಯ ನಿರುದ್ಯೋಗ ಭತ್ಯೆ ಪಡೆಯುವ ಯುವತಿ ಸಂದರ್ಶನಕ್ಕೆ ಹೋಗಲು ಸರ್ಕಾರಿ ಬಸ್ಸಿನ ಚಾರ್ಜಿಗೆಂದು ಅಪ್ಪನೆದುರು ಕೈಯೊಡ್ಡಬೇಕಿಲ್ಲ. ಮಹಾರಾಷ್ಟ್ರದಲ್ಲಿಯೂ ತರಬೇತಿಯ ಜೊತೆ ರೈಲಿನ ಪಾಸ್ ಕೊಡಲಿ. ಮೊದಲ ತರಬೇತಿ ಕಲ್ಯಾಣ-ಡೊಂಬಿವಲಿಯ ಆಸ್ಪತ್ರೆ, ಪಾಲಿಕೆ ಕಚೇರಿ, ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳ ಲೆಕ್ಕಪತ್ರ ವಿಭಾಗಗಳಲ್ಲೇ ಸಿಗಲಿ. ಮನೆ ಹತ್ತಿರದ ಕೆಲಸವೆಂದರೆ ಹೆಣ್ಣನ್ನು ಮತ್ತೆ ಮನೆಗೇ ಕಟ್ಟಿದಂತಲ್ಲವೇ ಎಂದು ಕೇಳುವವರಿದ್ದಾರೆ. ಆ ಭಯ ಸುಳ್ಳಲ್ಲ. ಆದರೆ ಕೈಯಲ್ಲಿ ಅನುಭವಪತ್ರವೂ ಸ್ವಂತ ಸಂಪಾದನೆಯೂ ಇದ್ದವಳು ನವಿ ಮುಂಬಯಿಯ ಎರಡನೆಯ ನೌಕರಿಗೆ ಮನೆಯವರನ್ನು ಒಪ್ಪಿಸುವುದು ಹೆಚ್ಚು ಸುಲಭ. ಇದಕ್ಕೂ ಮೊದಲು, ಹತ್ತನೆಯ ತರಗತಿಗೇ ನಿಂತವರಿಗೆ ಯೋಜನೆಯಲ್ಲಿ ಒಂದು ಮೆಟ್ಟಿಲು ಇಡಬೇಕು. ಅವರನ್ನು ಬರೀ 1,500 ರೂಪಾಯಿಗೆ ಬಿಟ್ಟುಬಿಡುವುದು ಅನ್ಯಾಯ.