ತೆರೆಮರೆಯ ಕೈಗಳಿಗೆ ವೇಳೆಯಿಲ್ಲವೆ?

ಹಾಲಿವುಡ್ಡಿನ ಆಸ್ಕರ್ ಪ್ರಶಸ್ತಿಪ್ರದಾನವನ್ನು ದೂರದರ್ಶನದಲ್ಲಿ ನೋಡಿದವರಿಗೆ, ಚಲಚ್ಚಿತ್ರಕಲೆಗೆ ಸಂದ ಮರ್ಯಾದೆಯನ್ನು ಕಣ್ಣಾರೆ ಕಂಡೆವೆಂಬ ತೃಪ್ತಿಯುಂಟಾಗುವುದು ಸಹಜವೇ. ಆದರೆ ಅವರು ಬಹುಮಟ್ಟಿಗೆ ಕಂಡುದು ತಾರೆಯರ ಉಡುಗೆತೊಡುಗೆಗಳನ್ನು, ವಿನೋದಗಾರರ ಚಾಟೂಕ್ತಿಗಳನ್ನು, ನಡುನಡುವೆ ಜಾಹೀರಾತುಗಳನ್ನು.

1929ನೆಯ ಇಸವಿಯ ಮೇ 16ರಂದು ಮೊದಲ ಸಮಾರಂಭವು ಹೋಟೆಲೊಂದರ ಭೋಜನಕೂಟದಲ್ಲಿ ನಡೆದಾಗ, ಪ್ರಶಸ್ತಿಗಳನ್ನು ಹಂಚಲು ಹಿಡಿದುದು ಸುಮಾರು 15 ನಿಮಿಷ. ದೂರದರ್ಶನವು ಅಲ್ಲಿಗೆ ಕಾಲಿಟ್ಟದ್ದು 1953ರಲ್ಲಿ. ಅತಿಥಿಯಾಗಿ ಬಂದದ್ದು ಈಗ ಮನೆಯ ಯಜಮಾನಿಕೆಯನ್ನೇ ವಹಿಸಿಕೊಂಡಿದೆ.

ಈ ಯಜಮಾನಿಕೆಯ ಅತಿರೇಕವು 2022ರಲ್ಲಿ ಪ್ರಕಟವಾಯಿತು. ನೋಡುವವರು ಕಡಿಮೆಯಾದರು, ಕಾರ್ಯಕ್ರಮ ಉದ್ದವಾಯಿತು ಎಂಬ ನೆವದಿಂದ 8 ಪ್ರಶಸ್ತಿಗಳನ್ನು ನೇರಪ್ರಸಾರಕ್ಕೆ ಮೊದಲೇ ಕೊಟ್ಟು ಮುಗಿಸಿ, ಅವುಗಳ ತುಣುಕುಗಳನ್ನು ಮಾತ್ರ ಆಮೇಲೆ ತೋರಿಸಲಾಯಿತು. ಹೀಗೆ ಪಂಕ್ತಿಯಿಂದ ಎಬ್ಬಿಸಲ್ಪಟ್ಟವರು ಯಾರು? ಸಂಕಲನಕಾರರು, ಸಂಗೀತಕಾರರು, ಧ್ವನಿಯನ್ನು ಹೊಂದಿಸಿದವರು, ದೃಶ್ಯಗಳ ವಿನ್ಯಾಸಕರು, ಪ್ರಸಾಧನದವರು. ಜೊತೆಗೆ ಮೂರು ಬಗೆಯ ಕಿರುಚಿತ್ರಗಳವರು. ‘ಡ್ಯೂನ್’ ಚಿತ್ರಕ್ಕೆ ಆ ವರ್ಷ ದೊರೆತ 6 ಪ್ರಶಸ್ತಿಗಳಲ್ಲಿ 4 ಈ ಹಿತ್ತಿಲ ಬಾಗಿಲಿನಿಂದಲೇ ಬಂದವು. ಸಂಕಲನಕಾರನ ಗೌರವಕ್ಕೇ ಕತ್ತರಿ! ಇಷ್ಟಾಗಿ ವೇಳೆಯಾದರೂ ಉಳಿಯಿತೆ? ಕಾರ್ಯಕ್ರಮವು ಮೂರೂವರೆ ಗಂಟೆಗಳನ್ನು ಮೀರಿತು.

ಜನರಿಗೆ ಬೇಕಾದವರು ನಟರೇ ಹೊರತು ಕುಶಲಕರ್ಮಿಗಳಲ್ಲವೆಂದು ವಾದಿಸುವವರುಂಟು. ಈ ವಾದವು ಬೇರೆಲ್ಲಿ ನಿಂತರೂ ನಮ್ಮ ದೇಶದಲ್ಲಿ ನಿಲ್ಲಲಾರದು. 1983ರಲ್ಲಿ ‘ಗಾಂಧಿ’ ಚಿತ್ರದ ವಸ್ತ್ರವಿನ್ಯಾಸಕ್ಕಾಗಿ ಭಾನು ಅಥೈಯಾ ಅವರು ಈ ಪ್ರಶಸ್ತಿಯನ್ನು ಪಡೆದ ಮೊದಲ ಭಾರತೀಯರಾದರು. 2009ರಲ್ಲಿ ರಸೂಲ್ ಪೂಕುಟ್ಟಿಯವರಿಗೆ ಧ್ವನಿಮಿಶ್ರಣಕ್ಕೂ, ಎ. ಆರ್. ರಹಮಾನರಿಗೆ ಸಂಗೀತಕ್ಕೂ ಅದು ಲಭಿಸಿತು. 2022ರ ಕಟ್ಟಳೆ ಅಂದೇ ಇದ್ದಿದ್ದರೆ, ಬೆಳಗ್ಗೆದ್ದು ಕಾದು ಕುಳಿತಿದ್ದ ಭಾರತೀಯ ಮನೆಗಳು ಪೂಕುಟ್ಟಿಯವರನ್ನು ಆ ಗಳಿಗೆಯಲ್ಲಿಯೇ ವೇದಿಕೆಯ ಮೇಲೆ ಕಾಣುತ್ತಿರಲಿಲ್ಲ.

ಪ್ರತಿಭಟನೆಯ ಫಲವಾಗಿ 2023ರಲ್ಲಿ ಎಲ್ಲ ಪ್ರಶಸ್ತಿಗಳೂ ನೇರಪ್ರಸಾರಕ್ಕೆ ಮರಳಿದವೆಂಬುದೇನೋ ನಿಜ. ಮರಳಿದ ಬಗೆಯನ್ನೂ ಹೇಳಬೇಕು. ನಮ್ಮ ಬಂಡೀಪುರಕ್ಕೆ ಹೊಂದಿಕೊಂಡ ಮುದುಮಲೆಯ ಕಾಡಿನಲ್ಲಿ, ತಬ್ಬಲಿ ಆನೆಮರಿಗಳನ್ನು ಸಾಕಿದ ದಂಪತಿಗಳ ಕಥೆಯಾದ ‘ದಿ ಎಲಿಫೆಂಟ್ ವಿಸ್ಪರರ್ಸ್’ ಅಂದು ಕಿರು ಸಾಕ್ಷ್ಯಚಿತ್ರಗಳಲ್ಲಿ ಗೆದ್ದಿತು. ನಿರ್ದೇಶಕಿ ಕಾರ್ತಿಕಿ ಗೊನ್ಸಾಲ್ವೆಸ್ ನಾಲ್ಕು ಮಾತನಾಡಿದರು. ನಿರ್ಮಾಪಕಿ ಗುಣೀತ್ ಮೊಂಗಾ ತಮ್ಮ ಮಾತನ್ನು ಹೇಳಬೇಕೆನ್ನುವಷ್ಟರಲ್ಲಿ ವಾದ್ಯಗಳು ಮೊಳಗಿದವು.