ಒಂದಕ್ಕೆ ಸೊನ್ನೆ
ಕಾಲ್ಚೆಂಡಾಟದಲ್ಲಿ ಐದಾರು ಗೋಲು ಹೊಡೆದು ಗೆಲ್ಲುವುದು ಕಣ್ಣಿಗೆ ಹಬ್ಬ. ಒಂದೇ ಹೊಡೆದು, ಒಂದನ್ನೂ ಬಿಟ್ಟುಕೊಡದೆ ಗೆಲ್ಲುವುದು ಗುಂಡಿಗೆಯ ಪರೀಕ್ಷೆ. 1952-53ರ ಸಂತೋಷ್ ಟ್ರೋಫಿಯ ಅಂತಿಮ ಪಂದ್ಯವನ್ನು ಅಂದಿನ ಮೈಸೂರು ತಂಡ ಬೆಂಗಳೂರಿನಲ್ಲಿ ಗೆದ್ದದ್ದು ಹೀಗೆ. ಎದುರಾಳಿ ಸಾಮಾನ್ಯವೇ? ಹಿಂದಿನ ಮೂರು ಸಲವೂ ಸತತವಾಗಿ ಟ್ರೋಫಿಯನ್ನು ಕಲ್ಕತ್ತೆಗೆ ಒಯ್ದಿದ್ದ ಬಂಗಾಳ! ಕಲ್ಕತ್ತೆಯ ಸೆಳೆತವೂ ಅಷ್ಟೇ ಬಲವಾದುದು. ಬೆಂಗಳೂರಿನ ಬರಿಗಾಲ ಮಾಂತ್ರಿಕ ಅಹ್ಮದ್ ಖಾನ್ 1949ರಲ್ಲೇ ಅಲ್ಲಿನ ಈಸ್ಟ್ ಬೆಂಗಾಲ್ ಕ್ಲಬ್ ಸೇರಿದ್ದರು. ಅಂಥ ಆಟಗಾರನನ್ನೇ ಕೊಟ್ಟ ಊರು ಬಂಗಾಳಕ್ಕೆ ಗೋಲನ್ನು ಮಾತ್ರ ಕೊಡಲಿಲ್ಲ. 1946-47ರಲ್ಲಿ ಇದೇ ಬಂಗಾಳವನ್ನು ಮಣಿಸುವಾಗ ಮೈಸೂರು ಒಂದು ಗೋಲು ತೆತ್ತಿತ್ತು: ಎರಡಕ್ಕೆ ಒಂದು. ಈ ಸಲ ಆ ಬಾಕಿಯೂ ಇಲ್ಲ. ಹದಿನೈದು ವರ್ಷಗಳ ತರುವಾಯ, 1967-68ರಲ್ಲಿ, ದೂರದ ಕಟಕದಲ್ಲಿ ಮತ್ತೆ ಅದೇ ಎದುರಾಳಿ, ಮತ್ತೆ ಒಂದಕ್ಕೆ ಸೊನ್ನೆ.